ಸೊಂಟದ ಬಳಿಯ ಕಲೆ

ಶಾಂತವೀರಮ್ಮ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದನ್ನು ಆಗಷ್ಟೇ ಕಲಿಯುತ್ತಿದ್ದರು. ಮೊದಲ ಪಾಠಕ್ಕೆಂದು, ತಾವು ಕೂಸಾಗಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೊವನ್ನು ತೆರೆದರು. ಅದು ತೆರೆಯ ಮೇಲೆ ಮೂಡಿದ್ದೇ ತಡ, ಪಕ್ಕದ ಉಪಕರಣಗಳ ಸಾಲಿನಲ್ಲಿದ್ದ, ಅಳಿಸುವ ರಬ್ಬರು ಮುಂದೆ ಬಂತು.

“ಮಗುವಿನ ಸೊಂಟದ ಬಳಿ ಕಲೆಯಿದೆ. ಅಪ್ಪಣೆಯಾದರೆ ಈಗಲೇ ಅಳಿಸುತ್ತೇನೆ,” ಎಂದಿತು.

“ನನ್ನನ್ನು ಈಗಷ್ಟೇ ತೆರೆದಿದ್ದಾರೆ. ಮೊದಲು ನೋಡು,” ಎಂದಿತು ಫೋಟೊ.

“ನೋಡುವುದು ನನ್ನ ಕೆಲಸವಲ್ಲ. ಇಲ್ಲಿ ತೆರೆಯುವುದೇ ತಿದ್ದುವುದಕ್ಕೆ.”

“ಹಾಗಾದರೆ ಭೂತಗನ್ನಡಿಯನ್ನು ಕರೆ.”

ಮೌಸಿನಿಂದ ರಬ್ಬರನ್ನು ಹಿಡಿದಿದ್ದ ಶಾಂತವೀರಮ್ಮ, “ತಡಿಯಪ್ಪ, ಒಂದ್ಸಲ ದೊಡ್ಡದು ಮಾಡಿ ನೋಡ್ತೀನಿ,” ಎಂದು ಭೂತಗನ್ನಡಿಯನ್ನು ಒತ್ತಿದರು.

ಕಲೆ ಹಿಗ್ಗಿತು. ಅದು ಕಲೆಯಾಗಿರಲಿಲ್ಲ, ಬೆರಳುಗಳಾಗಿದ್ದವು. ಇನ್ನೂ ನೆಟ್ಟಗೆ ನಿಲ್ಲಲು ಬಾರದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ, ಹಿಂದಿನ ಬಟ್ಟೆಯ ಮರೆಯಿಂದ ಯಾರೋ ಹಿಡಿದುಕೊಂಡಿದ್ದರು.

“ಯಾರ ಕೈ ಇದು?” ಎಂದು ರಬ್ಬರು ಕೇಳಿತು.

“ಇವರ ಅವ್ವನದು,” ಎಂದಿತು ಫೋಟೊ. “ಮಗು ಬೀಳಬಾರದು, ತಾನು ಕಾಣಬಾರದು ಎಂದು ಬಗ್ಗಿ ಕೂತಿದ್ದಳು. ಮರುವರ್ಷವೇ ತೀರಿಕೊಂಡಳು. ಆಕೆಯದು ಬೇರೆ ಫೋಟೊ ಇಲ್ಲ.”

ರಬ್ಬರು ಮೆಲ್ಲಗೆ ತನ್ನ ಸಾಲಿಗೆ ಹಿಂದಿರುಗಿತು.

ಅವ್ವನ ಮುಖ ಶಾಂತವೀರಮ್ಮನಿಗೆ ನೆನಪಿರಲಿಲ್ಲ. ಅವರು ತಮ್ಮ ಬಲಗೈಯನ್ನು ತೆರೆಯ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಅವ್ವನದೂ ತಮ್ಮದೂ ಕಿರುಬೆರಳು ಒಂದೇ ರೀತಿ ತುಸು ಒಳಕ್ಕೆ ಬಾಗಿತ್ತು.