ಅಧ್ಯಕ್ಷರು ಗುರುತು ಹಿಡಿದ ಸೈಕಲ್ಲು

ನಮ್ಮೂರ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ನಾಲ್ಕು ವರ್ಷದಿಂದ ಒಂದು ಮುದಿ ಸೈಕಲ್ಲು ಬಿದ್ದಿತ್ತು. ಸಮಿತಿಯ ಅಧ್ಯಕ್ಷ ಚನ್ನವೀರಯ್ಯನವರ ತಾತ ತುಳಿದದ್ದು. ಭಾನುವಾರ ಅದನ್ನು ಪ್ರದರ್ಶನಕ್ಕಿಡಬೇಕೆಂದು ಅಧ್ಯಕ್ಷರು ಗೇಟಿನ ಪಕ್ಕದ ಸೈಕಲ್ ರಿಪೇರಿಯವನನ್ನು ಕರೆಸಿದರು.

"ಕರೀ ಬಣ್ಣ ಬಳಿ. ಸೀಟು, ಹ್ಯಾಂಡಲ್ಲು ಎಲ್ಲ ಹೊಸದು ಹಾಕು. ಫಳಫಳ ಅನ್ನಬೇಕು!"

"ಹಾಗೆ ಮಾಡಿದರೆ ತಾತನ ಗುರುತೇ ಹೋಗುತ್ತೆ ಸಾರ್."

"ತಾತನ ಸೈಕಲ್ಲು ನನಗೆ ಗೊತ್ತಾಗಲ್ವಾ? ಕಣ್ಣು ಮುಚ್ಚಿ ಮುಟ್ಟಿದರೂ ಹೇಳ್ತೀನಿ. ಸುಮ್ಮನೆ ಹೇಳಿದಷ್ಟು ಮಾಡು, ಇಲ್ಲಾಂದ್ರೆ ಗೇಟಿನ ಹತ್ತಿರ ನಿನ್ನ ಅಂಗಡಿ ಇರಲ್ಲ."

ಶನಿವಾರ ಅಧ್ಯಕ್ಷರು ಅಂಗಡಿಗೆ ಬಂದಾಗ ಕಪ್ಪು ಸೈಕಲ್ಲೊಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರ ಕಣ್ಣು ಒದ್ದೆಯಾಯಿತು.

"ಇದೇ, ಇದೇ! ಈ ಕ್ಯಾರಿಯರ್ ಮೇಲೆ ಕೂತೇ ನಾನು ಸ್ಕೂಲಿಗೆ ಹೋಗ್ತಿದ್ದದ್ದು. ಈ ಬೆಲ್ಲಿನ ಸದ್ದು ಸಾಯೋವರೆಗೂ ಮರೆಯಲ್ಲ."

"ಇದು ನನ್ನ ಭಾವಮೈದಂದು ಸಾರ್. ಹೋದ ಗೌರಿಹಬ್ಬಕ್ಕೆ ತಗೊಂಡ. ನಿಮ್ಮ ತಾತಂದು ಆ ಮೂಲೇಲಿದೆ."

ಮೂಲೆಯಲ್ಲಿ ಹಳೆಯದು ಇದ್ದ ಹಾಗೇ ನಿಂತಿತ್ತು. ಅದಕ್ಕೆ ಬೆಲ್ಲೂ ಇರಲಿಲ್ಲ, ಕ್ಯಾರಿಯರೂ ಇರಲಿಲ್ಲ. ಮುಂದಿನ ಕಂಬಿಗೆ ಮಾತ್ರ, ಮಗು ಕೂರಲೆಂದು ತಾತ ಸುತ್ತಿದ್ದ ಟವೆಲ್ಲು ಇನ್ನೂ ಇತ್ತು. ಕೂತು ಕೂತು ಒಂದು ಕಡೆ ಸವೆದಿತ್ತು.

ಅಧ್ಯಕ್ಷರು ಆ ಟವೆಲ್ಲನ್ನು ಮುಟ್ಟಿದರು.

"ಇದನ್ನೇ ಇಡು" ಅಂದರು ಮೆಲ್ಲಗೆ. "ಬಣ್ಣ ಬೇಡ. ಧೂಳು ಕೂಡ ಒರೆಸಬೇಡ."

"ಧೂಳು ಒರೆಸ್ತೀನಿ ಸಾರ್. ಅದು ತಾತಂದಲ್ಲ, ನಿಮ್ಮ ಸಮಿತೀದು."