ಊದುಬತ್ತಿಗೆ ಬದಲಾಗಿ ಜಪಮಾಲೆ

ಬಸರೂರಿನ ಪಶ್ಚಿಮಕ್ಕೆ, ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ, ಮಗುಚಿ ಹಾಕಿದ ಹಳೆಯ ದೋಣಿಯೊಂದರ ಅಡಿಯಲ್ಲಿ ಪೂಜ್ಯ ಶುಕಬೋಧ ಯತಿಗಳು ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ವರ್ತಕರನ್ನು, "ಇದು ಸೋರುವುದಿಲ್ಲ" ಎಂದಷ್ಟೇ ಹೇಳಿ ಕಳುಹಿಸಿಬಿಡುತ್ತಿದ್ದರು.

ಆ ಕಾಲದಲ್ಲಿ ಮೆಣಸು ಕೊಳ್ಳಲು ಚೀನ ದೇಶದ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಅಂಥದೊಂದು ಹಡಗಿಗೆ ದಾರಿ ತೋರುವವನು ಲಿಮ್ ಹೊಕ್. ಹಲವು ಸಲ ಬಂದುಹೋಗಿ ನಮ್ಮ ಮಾತು ಕಲಿತಿದ್ದ. ದೇವರನ್ನು ಮಾತ್ರ ನಂಬಿದವನಲ್ಲ. ಒಂದು ಬೆಳಿಗ್ಗೆ ಅವನು ಹಡಗಿನಲ್ಲಿ ತೇವ ತಗುಲಿದ್ದ ಊದುಬತ್ತಿಗಳನ್ನೆಲ್ಲ ತಂದು, ಸ್ವಾಮಿಗಳ ದೋಣಿಯ ಬೆನ್ನ ಮೇಲೆ ಬಿಸಿಲಿಗೆ ಹರವಿ ಹೋದ.

ಶಿಷ್ಯ ಸಾಂತಯ್ಯ ಅದನ್ನು ಕಂಡು, ಕಡೆಗೂ ಈ ನಾಸ್ತಿಕನಿಗೆ ಭಕ್ತಿ ಬಂತೆಂದು ಹಿಗ್ಗಿದ. ಅಂದು ಏಕಾದಶಿ ಬೇರೆ. ಎಲ್ಲವನ್ನೂ ಒಟ್ಟಿಗೆ ಹಚ್ಚಿಬಿಟ್ಟ. ಎದ್ದ ಹೊಗೆಗೆ ಬೆಸ್ತರು ಬೆಂಕಿ ಬಿತ್ತೆಂದು ಕೊಡಗಳಲ್ಲಿ ನೀರು ತಂದು ಸುರಿದರು. ದೋಣಿಯ ಹೊರಗೆ ಕುಳಿತಿದ್ದ ಸ್ವಾಮಿಗಳು ತೊಯ್ದುಕೊಂಡೇ ಧ್ಯಾನ ಮುಗಿಸಿದರು.

ಲಿಮ್ ಹೊಕ್ ಓಡಿಬಂದಾಗ ಸುಡದೆ, ನೆನೆಯದೆ ಉಳಿದಿದ್ದುದು ಒಂದೇ ಕಡ್ಡಿ.

"ಅಯ್ಯೋ, ಅದು ಪೂಜೆಗಲ್ಲ, ದಾರಿ ಅಳೆಯುವುದಕ್ಕೆ!" ಎಂದು ತಲೆ ಚಚ್ಚಿಕೊಂಡ.

ದಡ ಕಾಣದ ಕಡಲಿನಲ್ಲಿ ಆ ಕಡ್ಡಿಗಳಿಂದಲೇ ಅವರು ಹೊತ್ತು ತಿಳಿಯುತ್ತಿದ್ದರು. ಇಷ್ಟು ಕಡ್ಡಿ ಉರಿಯುವವರೆಗೆ ಈ ದಿಕ್ಕು, ಆಮೇಲೆ ಆ ದಿಕ್ಕು. ತಪ್ಪಿದರೆ ಬಂಡೆ. ಗಾಳಿ ಆಗಲೇ ತಿರುಗಿತ್ತು. ಮುಂಗಾರು ಬಲಿಯುವ ಮೊದಲು ಹೊರಡಲೇಬೇಕು.

"ನಮ್ಮ ಊದುಬತ್ತಿ ಕೊಡ್ತೇನೆ ಮಾರಾಯ್ರೆ, ಒಳ್ಳೆ ಪರಿಮಳ" ಎಂದ ಸಾಂತಯ್ಯ.

"ಪರಿಮಳ ಮೂಸಿಕೊಂಡು ಊರು ಸೇರಲಾ? ನಿಮ್ಮದರಲ್ಲಿ ಒಂದು ಕಡ್ಡಿ ಓಡುತ್ತ ಉರಿಯುತ್ತದೆ, ಇನ್ನೊಂದು ನಿದ್ದೆ ಮಾಡುತ್ತದೆ!"

ಸ್ವಾಮಿಗಳು ತಮ್ಮ ಕೊರಳಿನ ಜಪಮಾಲೆ ತೆಗೆದು ಅವನ ಕೈಗಿಟ್ಟರು. "ಉಳಿದ ಕಡ್ಡಿ ಹಚ್ಚು. ಅದು ಆರುವಷ್ಟರಲ್ಲಿ ಎಷ್ಟು ಸುತ್ತು ಜಪವಾಗುತ್ತದೋ ನೋಡಿಕೊ. ಕಡಲಿನಲ್ಲಿ ಅಷ್ಟು ಸುತ್ತೇ ನಿನಗೆ ಒಂದು ಕಡ್ಡಿ."

"ನನಗೆ ದೇವರಿಲ್ಲ ಸ್ವಾಮಿ. ಯಾರ ಹೆಸರು ಹೇಳಲಿ?"

"ಯಾರ ಬಳಿಗೆ ಹೋಗುತ್ತಿದ್ದೀಯೋ ಅವರದು."

ಅವನು ಮುಖ ಗಂಟಿಕ್ಕಿ ಕುಳಿತ. ಆಮೇಲೆ, ಜಗಳವಾಡಿ ಬಿಟ್ಟು ಬಂದಿದ್ದ ಹೆಂಡತಿಯ ಹೆಸರನ್ನು ಗೊಣಗುತ್ತ ಮಣಿ ಎಳೆಯತೊಡಗಿದ. ಸಿಟ್ಟಿಗೆ ಮಣಿಗಳು ಒಂದರ ಮೇಲೊಂದು ಹಾರಿದವು.

"ನಿಧಾನ," ಎಂದರು ಸ್ವಾಮಿಗಳು. "ನೀನು ಓಡಿದರೆ ಹಡಗು ಬಂಡೆಗೆ ಹೋಗುತ್ತದೆ."

ಕಡ್ಡಿ ಆರುವ ಹೊತ್ತಿಗೆ ಅವನ ದನಿ ಒಂದೇ ಸಮನಾಗಿತ್ತು. ಹಡಗು ಹೊರಟಿತು.

ಮರುವರ್ಷ ಅದೇ ಹಡಗು ಬಂತು. ಲಿಮ್ ಹೊಕ್ ಊದುಬತ್ತಿಯ ದೊಡ್ಡ ಕಟ್ಟೊಂದನ್ನು ಸಾಂತಯ್ಯನ ಕೈಗಿತ್ತು, "ಇದನ್ನು ಸುಡಬಹುದು" ಎಂದ. ಬಳಿಕ ಸ್ವಾಮಿಗಳ ಮುಂದೆ ಕುಳಿತ.

"ಮನಸ್ಸು ಆಚೆ ಹೋದರೆ ಹಡಗೂ ಆಚೆ ಹೋಗುತ್ತಿತ್ತು ಗುರುಗಳೆ. ಅದಕ್ಕೇ ಹೋಗಗೊಡಲಿಲ್ಲ. ನಾನು ಮಲಗಿದಾಗ ನಾವಿಕರು ಜಪ ಹಿಡಿಯುತ್ತಿದ್ದರು. ಹೆಸರು ಬದಲಾದರೆ ಅಳತೆ ತಪ್ಪುತ್ತದಲ್ಲ, ಇಡೀ ಹಡಗು ನನ್ನ ಹೆಂಡತಿಯ ಹೆಸರು ಹೇಳಿತು! ಮನೆಯ ಬಾಗಿಲಲ್ಲಿ ನಿಂತಾಗ ಜಗಳ ಯಾವುದಕ್ಕೆಂದೇ ನನಗೆ ನೆನಪಿರಲಿಲ್ಲ. ಅವಳಿಗಿತ್ತು."

ಸ್ವಾಮಿಗಳು ಮನಸಾರೆ ನಕ್ಕರು. "ಇಲ್ಲಿಗೆ ಬರುವಾಗ ಯಾರ ಹೆಸರು ಹೇಳಿದೆ?"

ಲಿಮ್ ಹೊಕ್ ಬೆರಳು ತಾಗಿ ತಾಗಿ ಹೊಳೆಯುತ್ತಿದ್ದ ಮಾಲೆಯನ್ನು ಕಣ್ಣಿಗೊತ್ತಿಕೊಂಡು, ಯಾರ ಬಳಿಗೆ ಬಂದಿದ್ದನೋ ಅವರ ಪಾದದ ಮೇಲೆ ತಲೆಯಿಟ್ಟ.