ಸುಣ್ಣಗಾರನ ಮಗಳ ಹೆಸರು

ನಿಘಂಟು ಬರೆಯುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತೆಲುಗಿನಲ್ಲಿ ಸಾಕು ಎಂದರೆ ಪೋಷಿಸು. ತುಳುವಿನಲ್ಲಿ ಸಾಂಕು ಎನ್ನುತ್ತಾರೆ, ಅರ್ಥ ಅದೇ. ನಮ್ಮ ಕನ್ನಡದ ಸಾಕುವಿಗೆ ಆ ಅರ್ಥವೂ ಇದೆ, ಇನ್ನು ಬೇಡ ಎಂಬ ಅರ್ಥವೂ ಇದೆ. ಯಾವುದನ್ನು ಮೊದಲು ಬರೆಯಲಿ?"

ಗುರುಗಳು ಹೇಳಿದರು:

ಒಬ್ಬ ಸುಣ್ಣಗಾರನಿದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು. ನಾಲ್ಕನೆಯದೂ ಹೆಣ್ಣಾದಾಗ ಸಾಕವ್ವ ಎಂದು ಹೆಸರಿಟ್ಟ. ಅಕ್ಕಂದಿರು ಗಂಡನ ಮನೆಗೆ ಹೋದರು. ತಾಯಿ ಸತ್ತಳು. ಸುಟ್ಟ ಸುಣ್ಣ ಸಿಡಿದು ಸುಣ್ಣಗಾರನ ಎರಡು ಕಣ್ಣೂ ಹೋದವು. ಸಾಕವ್ವ ಮದುವೆಯ ಮಾತು ಬಿಟ್ಟಳು. ಸುಣ್ಣದ ಗೂಡು ಉರಿಸಿದಳು, ಅಪ್ಪನಿಗೆ ಉಣಿಸಿದಳು.

ಒಮ್ಮೆ ತೆಲುಗು ಸೀಮೆಯ ಬಳೆಗಾರ್ತಿಯೊಬ್ಬಳು ಬಂದಳು. ಇವಳ ಹೆಸರು ಕೇಳಿ, "ನಮ್ಮ ಕಡೆ ಸಾಕು ಅಂದರೆ ಹೊಟ್ಟೆಗೆ ಹಾಕಿ ಬೆಳೆಸು ಅಂತ. ನಿಮ್ಮಪ್ಪ ಎಷ್ಟು ಅಕ್ಕರೆಯಿಂದ ಇಟ್ಟಿದ್ದಾನೆ ನೋಡು" ಎಂದಳು.

ಸಾಕವ್ವ ಸುಣ್ಣದ ಕೈ ತೊಳೆಯದೆ ಒಳಗೆ ಓಡಿದಳು. "ಹೌದೇನಪ್ಪಾ?" ಎಂದು ಕೇಳಿದಳು.

ಸುಣ್ಣಗಾರ ಸುಳ್ಳು ಹೇಳಬಹುದಿತ್ತು. "ಬಳೆಗಾರ್ತಿಗೇನು ಗೊತ್ತು? ಇನ್ನು ಹೆಣ್ಣು ಸಾಕಪ್ಪಾ ಶಿವನೇ ಅಂತ ಇಟ್ಟದ್ದು" ಎಂದ.

ಅವಳು ಹೊರಗೆ ಹೋಗಿ ಕೈ ತೊಳೆದಳು. ಅಂದೂ ಹೊತ್ತಿಗೆ ಸರಿಯಾಗಿ ಉಣಿಸಿದಳು. ಆದರೆ ಆಮೇಲೆ ಎಂದೂ ಅವನ ಹತ್ತಿರ ಕುಳಿತು ಮಾತನಾಡಲಿಲ್ಲ. ಅವನಿಗೂ ಅವಳನ್ನು ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ. ಏನಾದರೂ ಬೇಕಾದರೆ "ಇಕಾ" ಎನ್ನುತ್ತಿದ್ದ, ಇಲ್ಲವೇ ಸುಮ್ಮನೆ ಕೆಮ್ಮುತ್ತಿದ್ದ. ಹೀಗೆ ಒಂಬತ್ತು ವರ್ಷ.

ಕೊನೆಗೆ ಅವನು ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಅವಳು ಕಂಬಳಿ ಸರಿಪಡಿಸಿ ಮುಗಿಸಿದಾಗ ಅವನ ತುಟಿ ಅಲುಗಿತು. "ಸಾಕ್..." ಎಂದು ಕೈ ಎತ್ತಿದ. ಮುಂದಿನ ಅಕ್ಷರ ಬರಲಿಲ್ಲ. ಅವಳು ಅಪ್ಪ ಅಂದು ಹೇಳಿದ್ದ ಅರ್ಥವನ್ನೇ ಹಿಡಿದಳು. ಎದ್ದು ಗೂಡಿನ ಕೆಲಸಕ್ಕೆ ಹೋದಳು. ತಿರುಗಿ ಬಂದಾಗ ಅಪ್ಪನ ಮೈ ತಣ್ಣಗಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ, "ಅವಳು ಹಿಡಿದ ಅರ್ಥವೇ ಸರಿಯಲ್ಲವೇ? ಗಂಜಿ ಸಾಕು ಎಂದಿರಬೇಕು. ಸಾಯುವವರಿಗೆ ಅನ್ನ ಸೇರುವುದಿಲ್ಲ" ಎಂದ.

ಗುರುಗಳು ಹೇಳಿದರು: "ಅವಳು ಇನ್ನೂ ಗಂಜಿ ತಂದೇ ಇರಲಿಲ್ಲ."